ಸೈನಿಕ ಕುಟುಂಬಗಳೂ ದೇಹದ ತೂಕವೂ

ನಮ್ಮ ಪಟಮಟದಿಂದ ವಿಶಾಖಪಟ್ಟಣಕ್ಕೆ ಹೋದ ವಿದ್ಯಾರ್ಥಿಗಳು ಅಲ್ಲಿ ಪೂರ್ವ ನೌಕಾ ಕಮಾಂಡಿನ ಹಡಗುಗಳನ್ನು ಕಂಡಿರಬಹುದು. ನೌಕಾಭಟನಿಗೆ ಕವಾಯತು ಕಡ್ಡಾಯ; ಅವನ ಶರೀರವನ್ನು ಆಜ್ಞೆಯೇ ಕಾಯುತ್ತದೆ. ಅವನ ಮನೆಯವರಿಗೆ ಕವಾಯತೆಲ್ಲಿಯದು? ಆಗಾಗ ವರ್ಗ, ಹೊಸ ಊರು, ಹೊಸ ಶಾಲೆ. ಯಜಮಾನನು ಬಹುಕಾಲ ಕಡಲಿನ ಮೇಲೆ. ಇಂಥ ಬಾಳಿನಲ್ಲಿ ಊಟ, ನಿದ್ರೆ, ನಡಿಗೆಗಳ ಕ್ರಮ ತಪ್ಪುವುದು ಸುಲಭ. ನಿವೃತ್ತನಾದ ಸೈನಿಕನದೂ ಇದೇ ಪಾಡು: ಕವಾಯತು ನಿಂತರೂ ಊಟದ ಅಳತೆ ಮಾತ್ರ ಹಳೆಯದೇ!

ಉಪವಾಸದಿಂದ ತೂಕ ಇಳಿಯದೆ ಇಲ್ಲ. ಆದರೆ ದೇಹವು ಹಗುರವಾದಂತೆಲ್ಲ ಅದಕ್ಕೆ ಬೇಕಾದ ಆಹಾರವು ಕಡಿಮೆಯಾಗುತ್ತದೆ, ಹಸಿವೋ ಹೆಚ್ಚುತ್ತದೆ. ಇಳಿದ ತೂಕವು ಮರಳಿ ಏರುವುದು ಹೀಗೆ. 2002ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮಧುಮೇಹದ ಅಂಚಿನಲ್ಲಿದ್ದವರಿಗೆ ಗೊತ್ತುಪಡಿಸಿದ ಗುರಿ ಬಲು ಸಾಧಾರಣವಾದುದು: ಶೇಕಡಾ 7ರಷ್ಟು ತೂಕದ ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ಶ್ರಮ. ಬರಿಯ ಸಾಮಾನ್ಯ ಸಲಹೆ ಪಡೆದವರಿಗಿಂತ ಇವರಲ್ಲಿ ಮಧುಮೇಹ ತಗಲುವುದು ಶೇಕಡಾ 58ರಷ್ಟು ತಗ್ಗಿತು. ಮುಂದೆ ಅಲ್ಲಿಯ ಕೆಲವು ಸೈನಿಕ ಆಸ್ಪತ್ರೆಗಳು ಇದೇ ಕ್ರಮವನ್ನು ಸೈನಿಕರ ಕುಟುಂಬಗಳಿಗೂ ಅಳವಡಿಸಿದವು. ನಡಿಗೆಯನ್ನು ವರ್ಗವಾದ ಊರಿಗೂ ಒಯ್ಯಬಹುದಷ್ಟೆ! ತಾಯಿಯೊಬ್ಬಳೇ ಪಥ್ಯದಲ್ಲಿದ್ದು ಉಳಿದವರಿಗೆ ದಿನವೂ ಕರಿದ ತಿಂಡಿ ಮಾಡುವ ಮನೆಯಲ್ಲಿ ಆ ಪಥ್ಯವು ಎಷ್ಟು ದಿನ ನಿಂತೀತು? ಎಲ್ಲರ ಎಲೆಯಲ್ಲಿಯೂ ಅನ್ನ ಕೊಂಚ ಕಡಿಮೆಯಾಗಿ ಪಲ್ಯ ಹೆಚ್ಚಬೇಕು. ಬೆಳೆಯುವ ಮಕ್ಕಳು ಮಾತ್ರ ವೈದ್ಯರನ್ನು ಕೇಳದೆ ತೂಕ ಇಳಿಸತಕ್ಕದ್ದಲ್ಲ.