ಒಲೆಗೊಂದು ಶಾಖದ ಕಾವಲು

ಕಡಲೆಕಾಯಿ ಬೆಳೆಯುವ ರಾಯದುರ್ಗ, ಮಡಕಶಿರ ಸೀಮೆಯಲ್ಲಿ ಬಾಣಲೆಗೆ ಬೀಳುವುದು ಸಹಜವಾಗಿಯೇ ಕಡಲೆಕಾಯಿ ಎಣ್ಣೆ. ಸಂಸ್ಕರಿಸಿದ ಈ ಎಣ್ಣೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಗೆಯಾಡತೊಡಗುತ್ತದೆ. ಉರಿ ಆರಿಸದಿದ್ದರೆ ಕಾವೇರುತ್ತ ಹೋಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಈ ಕಾವನ್ನು ಅರಿಯುವ ಶಾಖಸಂವೇದಕ ನಮ್ಮ ಮನೆಗಳಿಗೆ ಹೊಸತೇನಲ್ಲ. ಕರೆಂಟಿನ ಅನ್ನದ ಕುಕ್ಕರಿನ ತಳದಲ್ಲಿ ಅದು ಇದೆ. ನೀರಿರುವವರೆಗೆ ಪಾತ್ರೆಯ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಇಂಗಿದೊಡನೆ ಮೇಲೇರುತ್ತದೆ. ಆಗ ಸಂವೇದಕವು ಶಾಖವನ್ನು ತಗ್ಗಿಸುವುದರಿಂದಲೇ ಅನ್ನ ಸೀಯುವುದಿಲ್ಲ. ಇಂಥದೇ ಉಪಾಯವನ್ನು ಜಪಾನ್ ದೇಶವು 2008ರ ಅಕ್ಟೋಬರಿನಿಂದ ಮನೆಬಳಕೆಯ ಗ್ಯಾಸ್ ಒಲೆಗಳಿಗೆ ಕಾನೂನಿನ ಮೂಲಕ ಕಡ್ಡಾಯಗೊಳಿಸಿತು. ಬಾಣಲೆಯ ತಳ ಸುಮಾರು 250 ಡಿಗ್ರಿ ಮುಟ್ಟಿದರೆ ಅಲ್ಲಿನ ಒಲೆ ತಾನೇ ಉರಿಯನ್ನು ತಗ್ಗಿಸುತ್ತದೆ ಇಲ್ಲವೆ ಆರಿಸುತ್ತದೆ.

ಆದರೆ ನಮ್ಮ ಮಕ್ಕಳ ಮಧ್ಯಾಹ್ನದ ಊಟ ಬೇಯುವುದು ಶಾಲೆಯಲ್ಲಿ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರ ಅಡುಗೆಕೋಣೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಅಸುನೀಗಿದರು. ಆ ದುರಂತದ ಬಳಿಕ ಬಂದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವುದು ಪ್ರತಿ ಮಗುವಿನ ಮೂಲಭೂತ ಹಕ್ಕೆಂದು ಸಾರಿತು. ಶಾಲೆಗಳಲ್ಲಿ ಬೆಂಕಿ ನಂದಿಸುವ ಸಾಧನಗಳಿರಬೇಕೆಂದು ಆದೇಶಿಸಿತು.

ಪಾಕಶಾಲೆಯ ಚಾವಣಿಗೆ ಹೊಗೆಯ ಸಂವೇದಕ ಒಗ್ಗದು. ಒಗ್ಗರಣೆಯ ಘಾಟಿಗೇ ಅದು ಕೂಗಿಕೊಳ್ಳುತ್ತದೆ. ಬೇಸತ್ತ ಅಡುಗೆಯವರು ಅದನ್ನು ಕಿತ್ತಿಡುತ್ತಾರೆ. ಶಾಖದ್ದೇ ತಕ್ಕುದು. ಆದರೂ ಪೋಷಕರ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ಅಡುಗೆಕೋಣೆಯು ತರಗತಿಗಳಿಂದ ದೂರವಿದೆಯೇ, ನಂದಕದ ಅವಧಿ ಮುಗಿದಿಲ್ಲವಷ್ಟೆ, ಹೊರಬಾಗಿಲಿಗೆ ಬೀಗ ಹಾಕಿಲ್ಲವಷ್ಟೆ?