ಸಾಲ ಮಾಡಿ ಕುದುರಿಸಿದ ಭೂಹಕ್ಕು

ಕೆನಡಾದ ಅನೇಕ ಭಾಗಗಳಲ್ಲಿ ವಲಸೆಗಾರರಿಗೆ ಭೂಮಿ ಹಂಚುವ ಮುನ್ನ ಸರ್ಕಾರವು ಅಲ್ಲಿನ ಮೂಲನಿವಾಸಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತ್ತು; ಆ ಒಪ್ಪಂದಗಳಲ್ಲಿ ನ್ಯಾಯ ಎಷ್ಟಿತ್ತೆಂಬುದು ಬೇರೆ ಮಾತು. ಪೆಸಿಫಿಕ್ ತೀರದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಮಾತ್ರ ಬಹುಪಾಲು ನೆಲ ಅಂಥ ಯಾವ ಪತ್ರವೂ ಇಲ್ಲದೆ ಸರ್ಕಾರದ ಆಸ್ತಿಯೆನಿಸಿತು. ಅಲ್ಲಿನ ನಾಸ್ ನದಿ ಕಣಿವೆಯ ನಿಸ್ಗಾ ಜನರ ಮುಖಂಡರು 1887ರಲ್ಲಿ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ, ತಮ್ಮ ನೆಲದ ಹಕ್ಕನ್ನು ಒಪ್ಪಂದದ ಮೂಲಕ ಇತ್ಯರ್ಥಪಡಿಸಬೇಕೆಂದು ಕೇಳಿ ಬರಿಗೈಯಲ್ಲಿ ಮರಳಿದರು. 1913ರಲ್ಲಿ, ಭಾರತದ ಮೊಕದ್ದಮೆಗಳಿಗೂ ಆಗ ಕೊನೆಯ ಮೇಲ್ಮನವಿಯ ತಾಣವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಅರ್ಜಿ ಕಳುಹಿಸಿದರು. ಇಂಥ ಯತ್ನಗಳಿಗೆ ಉತ್ತರವೆಂಬಂತೆ 1927ರಲ್ಲಿ ಕೆನಡಾ ಸರ್ಕಾರವು, ಭೂಹಕ್ಕಿನ ಮೊಕದ್ದಮೆಗಾಗಿ ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದನ್ನೇ ಅಪರಾಧವಾಗಿಸಿತು. ವಕೀಲರಿಗೆ ಶುಲ್ಕ ಕೊಡಲಾಗದವರ ಹಕ್ಕು ಕಾಗದದಾಚೆ ಬರುವುದಿಲ್ಲವೆಂಬುದನ್ನು ಅರಿತೇ ರೂಪಿಸಿದಂತಿದ್ದ ಈ ಕಾನೂನು 1951ರವರೆಗೆ ಜಾರಿಯಲ್ಲಿತ್ತು.

ಸಂಧಾನದ ದಾರಿ ತೆರೆದದ್ದು ಒಂದು ಸೋಲಿನಿಂದ. ನಿಸ್ಗಾ ಮುಖಂಡ ಫ್ರಾಂಕ್ ಕಾಲ್ಡರ್ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ 1973ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೈಕಿ ಆರು ಮಂದಿ, ವಲಸೆಗಾರರು ಬರುವ ಮೊದಲು ನೆಲವನ್ನು ಅನುಭವಿಸುತ್ತಿದ್ದ ಜನರಿಗೆ ಕಾನೂನು ಮನ್ನಿಸಬೇಕಾದ ಮೂಲಸ್ವಾಮ್ಯವಿತ್ತೆಂದು ಒಪ್ಪಿದರು. ಆ ಸ್ವಾಮ್ಯ ಆಮೇಲೆ ರದ್ದಾಯಿತೇ ಎಂಬ ಪ್ರಶ್ನೆಯಲ್ಲಿ ಮೂವರು ಹೌದೆಂದರು, ಮೂವರು ಇಲ್ಲವೆಂದರು; ಏಳನೆಯವರು, ಸರ್ಕಾರದ ಮೇಲೆ ದಾವೆ ಹೂಡಲು ಪೂರ್ವಾನುಮತಿ ಪಡೆದಿಲ್ಲವೆಂಬ ತಾಂತ್ರಿಕ ಕಾರಣಕ್ಕೆ ಅದನ್ನು ವಜಾಗೊಳಿಸಿದರು. ಗೆದ್ದ ಸರ್ಕಾರಕ್ಕೆ ನಿಶ್ಚಿಂತೆ ದಕ್ಕಲಿಲ್ಲ. ಮುಂದಿನ ತೀರ್ಪು ತಿರುಗಿ ಬೀಳಬಹುದೆಂಬ ಆ ಅಳುಕೇ ನಿಸ್ಗಾ ಜನರ ಕೈಯಲ್ಲಿದ್ದ ನಿಜವಾದ ಬಂಡವಾಳ.

ಒಕ್ಕೂಟ ಸರ್ಕಾರದೊಂದಿಗೆ ಮಾತುಕತೆ 1976ರಲ್ಲಿ ಶುರುವಾಯಿತಾದರೂ, ಆ ದೇಶದ ಸಂವಿಧಾನದಂತೆ ಸರ್ಕಾರಿ ಭೂಮಿ, ಕಾಡು, ಖನಿಜಗಳು ಪ್ರಾಂತಕ್ಕೆ ಸೇರಿದವಾದ್ದರಿಂದ, ಕೊಡಬೇಕಾದ ವಸ್ತು ಯಾರ ಕೈಯಲ್ಲಿತ್ತೋ ಅವರೇ ಸಭೆಯಲ್ಲಿರಲಿಲ್ಲ. ಬ್ರಿಟಿಷ್ ಕೊಲಂಬಿಯಾ ಮಾತುಕತೆಗೆ ಕೂತದ್ದು 1990ರಲ್ಲಿ. ಅಷ್ಟು ವರ್ಷ ವಕೀಲರಿಗೆ, ಭೂಮಾಪಕರಿಗೆ, ನಕ್ಷೆ ತಯಾರಿಗೆ ತಗಲಿದ ಖರ್ಚನ್ನು ನಿಸ್ಗಾ ಜನರು ಒಕ್ಕೂಟ ಸರ್ಕಾರದಿಂದಲೇ ಸಾಲ ಪಡೆದು ಭರಿಸಿದರು. ಒಪ್ಪಂದದಲ್ಲಿ ಸುಮಾರು 19 ಕೋಟಿ ಡಾಲರ್ ಪರಿಹಾರ ನಿಗದಿಯಾದಾಗ, ತೀರಿಸಬೇಕಾದ ಸಾಲ ಸುಮಾರು 5 ಕೋಟಿಗೆ ಮುಟ್ಟಿತ್ತು. ಎದುರುಪಕ್ಷದಿಂದ ಸಾಲ ತಂದು ಎದುರುಪಕ್ಷದೊಡನೆ ಚೌಕಾಸಿ ಮಾಡಬೇಕಾದ ಈ ಏರ್ಪಾಡು ಎಷ್ಟು ವಿಚಿತ್ರವೆಂಬುದು ಸರ್ಕಾರಕ್ಕೂ ತಡವಾಗಿ ಹೊಳೆಯಿತು: ಇಂಥ ಸಾಲಗಳನ್ನು ಮನ್ನಾ ಮಾಡುವ ನಿರ್ಧಾರ 2019ರ ಮುಂಗಡಪತ್ರದಲ್ಲಿ ಬಂದಿತು.

ಒಪ್ಪಂದವನ್ನು ಅಂಗೀಕರಿಸುವ ಷರತ್ತೂ ಕಠಿಣವಾಗಿತ್ತು. ಚಲಾಯಿತ ಮತಗಳ ಬಹುಮತ ಸಾಲದು, ಅರ್ಹ ಮತದಾರರೆಲ್ಲರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕೆಂದಿದ್ದುದರಿಂದ, ಮನೆಯಲ್ಲಿ ಕುಳಿತವರೆಲ್ಲ ವಿರೋಧಿಗಳ ಲೆಕ್ಕಕ್ಕೇ ಸೇರುತ್ತಿದ್ದರು. 1998ರ ನವೆಂಬರಿನ ಮತದಾನದಲ್ಲಿ ಆ ಗಡಿಯೂ ದಾಟಿ, 2000ದ ಮೇ 11ರಂದು ಒಪ್ಪಂದ ಜಾರಿಗೆ ಬಂದಿತು. ದೊರೆತದ್ದು ಸುಮಾರು 2,000 ಚದರ ಕಿಲೋಮೀಟರ್ ನೆಲ, ಅದರ ಕಾಡು ಮತ್ತು ಖನಿಜ, ನಾಸ್ ನದಿಯ ಸಾಲ್ಮನ್ ಮೀನಿನಲ್ಲಿ ನಿಗದಿತ ಪಾಲು, ಭಾಷೆ, ಸಂಸ್ಕೃತಿ, ಪೌರತ್ವ, ಭೂನಿರ್ವಹಣೆಗಳ ಬಗ್ಗೆ ಶಾಸನ ಮಾಡುವ ಅಧಿಕಾರವುಳ್ಳ ನಿಸ್ಗಾ ಲಿಸಿಮ್ಸ್ ಸರ್ಕಾರ. ಆದರೆ ಈ ನೆಲ ಅವರು ತಮ್ಮದೆಂದು ವಾದಿಸಿದ್ದ ಪ್ರದೇಶದ ಶೇಕಡಾ 8ರಷ್ಟು ಮಾತ್ರ. ಉಳಿದದ್ದರ ಮೇಲಿನ ವಾದ ಅಲ್ಲಿಗೆ ಅಂತಿಮವಾಗಿ ಮುಗಿಯಿತು, ಮೀಸಲು ಪ್ರದೇಶದಲ್ಲಿದ್ದ ತೆರಿಗೆ ವಿನಾಯಿತಿಯೂ ಹಂತಹಂತವಾಗಿ ಕೊನೆಗೊಂಡಿತು. ನೆರೆಯ ಗಿಟನ್ಯಾವ್ ಜನರು, ನಿಸ್ಗಾ ಒಪ್ಪಂದದಲ್ಲಿ ತಮ್ಮ ನೆಲವೂ ಸೇರಿದೆಯೆಂದು ನ್ಯಾಯಾಲಯಕ್ಕೆ ಹೋದದ್ದನ್ನೂ ಹೇಳಬೇಕು: ಸರ್ಕಾರದೊಡನೆ ಕೂರುವ ಮುನ್ನ ನೆರೆಯವರೊಡನೆ ಎಲ್ಲೆ ಗೊತ್ತುಪಡಿಸಿಕೊಳ್ಳದ ಸಂಧಾನ ಹೊಸ ವ್ಯಾಜ್ಯವನ್ನೇ ಹುಟ್ಟಿಸುತ್ತದೆ.

ಇದೇ ತೀರದ ಹೈಡಾ ಜನರು ಬೇರೆ ದಾರಿ ಹಿಡಿದರು. ಸರ್ಕಾರ ಮಾತಾಡುತ್ತಲೇ ಮರ ಕಡಿಯಲು ಬಿಡುತ್ತಿದ್ದ ಕಾಲದಲ್ಲಿ, 1985ರಲ್ಲಿ, ಅವರು ಲೈಯಲ್ ದ್ವೀಪದಲ್ಲಿ ಲಾರಿ ದಾರಿಗೆ ಅಡ್ಡ ಕುಳಿತು ಬಂಧನಕ್ಕೊಳಗಾದರು. ಮುಂದೆ 1993ರಲ್ಲಿ ಗ್ವಾಯ್ ಹಾನಾಸ್ ಪ್ರದೇಶದ ಜಂಟಿ ನಿರ್ವಹಣೆಗೆ ಸಹಿ ಹಾಕಿದ ಒಪ್ಪಂದದಲ್ಲಿ ಅಕ್ಕಪಕ್ಕದ ಎರಡು ಕಾಲಮ್ಮುಗಳಿದ್ದು, ಒಂದರಲ್ಲಿ ನೆಲ ಹೈಡಾ ಜನರದೆಂದೂ ಇನ್ನೊಂದರಲ್ಲಿ ರಾಜಸತ್ತೆಯದೆಂದೂ ಬರೆದಿದೆ. ಒಡೆತನದ ಭಿನ್ನಮತವನ್ನು ಹಾಗೆಯೇ ದಾಖಲಿಸಿ, ಕಾಡನ್ನು ಕಾಯುವ ವಿಷಯದಲ್ಲಿ ಮಾತ್ರ ಇಬ್ಬರೂ ಒಮ್ಮತಕ್ಕೆ ಬಂದರು. ಇಡೀ ಸಂಧಾನಶಾಸ್ತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪುಟ ಸಿಗುವುದು ಕಷ್ಟ. 2024ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರವು ಹೈಡಾ ಗ್ವಾಯ್ ದ್ವೀಪಸಮೂಹದ ಸಮಸ್ತ ನೆಲದ ಮೇಲೂ ಹೈಡಾ ಸ್ವಾಮ್ಯವನ್ನು ಒಪ್ಪಂದದ ಮೂಲಕವೇ ಮಾನ್ಯಮಾಡಿತು. ಅಲ್ಲಿನ ಖಾಸಗಿ ಆಸ್ತಿಗಳು ಪ್ರಾಂತದ ಕಾನೂನಿನಡಿಯೇ ಮುಂದುವರಿಯಲು ಹೈಡಾ ಜನರು ಒಪ್ಪಿದರು, ಆದರೆ ಸ್ವಾಮ್ಯದ ಯಾವ ಭಾಗವನ್ನೂ ಅವರು ಬಿಟ್ಟುಕೊಡಬೇಕಾಗಲಿಲ್ಲ.