ಗಜದ ಮೇಲಿನ ಗೀಟು

ಮಳೆಗಾಲ ಮುಗಿಯಿತೆಂದರೆ ಪಟ್ಟಣದ ಮನೆಗಳಲ್ಲಿ ಕೊಡೆಗಳನ್ನು ಒಣಗಿಸಿ ಅಟ್ಟಕ್ಕೆ ಸೇರಿಸುತ್ತಾರೆ. ಸುಳ್ಯದ ಕಡೆಯ ತೋಟದ ಮನೆಗಳಲ್ಲಿ ಇನ್ನೊಂದು ವಸ್ತುವನ್ನು ಗೋಡೆಯಿಂದ ಇಳಿಸಿ ಬಿಸಿಲಿಗೆ ತರುವ ಪದ್ಧತಿಯುಂಟು. ಅದೇ ಕೇಪಿನ ಕೋವಿ.

ಹಿಂದೆ ಇದು ಬೇಟೆಯ ಸಿದ್ಧತೆಯಾಗಿತ್ತು. ಮಕರ ಮಾಸದ ಕೊನೆಯಲ್ಲಿ ಬರುವ ಕೆಡ್ಡಸದ ಹಬ್ಬಕ್ಕೆ ಊರವರೆಲ್ಲ ಕೂಡಿ ಕಾಡು ಹೊಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತೆರೆ ಎಳೆಯಿತು. ಆದರೆ ಹಂದಿಗೂ ಮಂಗನಿಗೂ ಅಡಕೆ, ತೆಂಗು, ಬಾಳೆಗಳ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲವಷ್ಟೆ! ಆದುದರಿಂದ ಕೋವಿಯೂ ಮನೆಯಲ್ಲಿ ಉಳಿಯಿತು. ಅದರ ಕೆಲಸ ಮಾತ್ರ ಬಹುಮಟ್ಟಿಗೆ ಸದ್ದು ಮಾಡಿ ಬೆದರಿಸುವುದಕ್ಕೆ ಇಳಿಯಿತು. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಬೆಳೆ ರಕ್ಷಣೆಯ ಸಲುವಾಗಿ ಪರವಾನಗಿ ಕೊಡುವ ವಿಷಯ 1959ರ ಆಯುಧ ಕಾಯಿದೆಯಲ್ಲಿಯೇ ಉಂಟು. ಸಂಪಾಜೆಯನ್ನು ದಾಟಿ ಕೊಡಗಿಗೆ ಹೊಕ್ಕರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ. ಗಡಿಯ ಈಚೆಗಿರುವ ನಮ್ಮವರಿಗೆ ಇದೊಂದು ಸಣ್ಣ ಅಸೂಯೆಯ ವಿಷಯ.

ಇದನ್ನು ರೈಫಲ್ ಎಂದು ಕರೆಯುವವರಿದ್ದಾರೆ; ಅದು ತಪ್ಪು. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಗಾಡಿಗಳನ್ನು ಕೊರೆದಿರುತ್ತಾರೆ. ನಮ್ಮ ಕೋವಿಯ ನಳಿಗೆ ಒಳಗೆ ನುಣ್ಣಗಿನ ಕೊಳವೆ. ಬಾಯಿಯಿಂದ ಮದ್ದನ್ನು ಸುರಿದು, ತೆಂಗಿನ ನಾರಿನ ಉಂಡೆಯನ್ನಿಟ್ಟು, ಚಿಲ್ಲು ಹಾಕಿ, ಮೇಲೆ ಮತ್ತೊಂದು ಉಂಡೆಯನ್ನು ‘ಗಜ’ವೆಂಬ ಸಲಾಕಿಯಿಂದ ಗಿಡಿಯಬೇಕು. ಹಿಂಬದಿಯ ಮೊಲೆಯಂಥ ಸಣ್ಣ ತೂತಿನ ಮೇಲೆ ತಾಮ್ರದ ಕೇಪನ್ನು ಕೂರಿಸಿ ಕುದುರೆಯನ್ನು ಬಿಟ್ಟರೆ ಕೇಪಿನ ಕಿಡಿ ಮದ್ದಿಗೆ ತಗಲುತ್ತದೆ. ಕೇಪಿಗೆ ದಾರಿ ಮಾಡಿಕೊಟ್ಟವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫಾರ್ಸೈತ್ ಎಂಬ ಪಾದ್ರಿ. ಬಡಿತದಿಂದ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಆತ ಹಕ್ಕುಪತ್ರ ಪಡೆದ. ಹಳೆಯ ಕೋವಿಗಳ ಹೊಳಪು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದು ಆ ದೇವರ ಸೇವಕನಿಗೆ ಸಹಿಸಲಿಲ್ಲವಂತೆ.

ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆತ ಕರಿಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಸುಳ್ಯದ ಆಷಾಢದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವಾಗ ಕಬ್ಬಿಣದ ಪಾಡೇನು? ಒಂದೆರಡು ದಿನಗಳಲ್ಲಿಯೇ ತುಕ್ಕು ಹಿಡಿಯುತ್ತದೆ. ಇದಕ್ಕೆ ಮದ್ದು ಎಣ್ಣೆಯಲ್ಲ, ಕುದಿಯುವ ನೀರು. ಇದನ್ನು ಕೇಳಿದರೆ ಪಟ್ಟಣದವರು ಬೆಚ್ಚಿಬೀಳುತ್ತಾರೆ. ಆದರೆ ಆ ಮಸಿ ಕರಗುವುದು ನೀರಿನಲ್ಲಿ. ಮಸಿಯ ಮೇಲೆಯೇ ಎಣ್ಣೆ ಸವರಿದರೆ ತುಕ್ಕಿಗೆ ಹೊದಿಕೆ ಹೊದಿಸಿದಂತೆ. ನೀರು ಕುದಿಯುತ್ತಿದ್ದರೆ ನಳಿಗೆ ಕಾದು ತಾನೇ ಒಣಗುತ್ತದೆ. ಆಮೇಲೆ ಗಜಕ್ಕೆ ಬಟ್ಟೆ ಸುತ್ತಿ, ಅದು ಬೆಳ್ಳಗೆ ಹೊರಬರುವವರೆಗೂ ಒರಸಿ, ತೆಳುವಾಗಿ ಎಣ್ಣೆ ಹಚ್ಚಬೇಕು. ಮತ್ತೆ ಮದ್ದು ತುಂಬುವ ಮುನ್ನ ಆ ಎಣ್ಣೆಯನ್ನು ಒರಸಿ ತೆಗೆಯಬೇಕು. ಮೊಲೆಯ ತೂತಿನಲ್ಲಿ ಎಣ್ಣೆ ನಿಂತರೆ ಈಡು ಹಾರುವುದಿಲ್ಲ; ಅದಕ್ಕಾಗಿ ಖಾಲಿ ಕೋವಿಗೆ ಬರಿಯ ಕೇಪನ್ನಿಟ್ಟು ಒಂದು ಸಲ ಹೊಡೆಯುವುದು ವಾಡಿಕೆ.

ಆ ‘ಖಾಲಿ’ ಎಂಬ ಮಾತಿನ ಬೆಲೆ ನನಗೆ ತಿಳಿದುದು ಹನ್ನೆರಡನೆಯ ವಯಸ್ಸಿನಲ್ಲಿ. ಮಂಡೆಕೋಲಿನ ಕಡೆಯ ನಮ್ಮ ದೊಡ್ಡಪ್ಪನ ಮನೆ. ಮಳೆ ಬಿಟ್ಟ ಒಂದು ಬೆಳಗ್ಗೆ ದೊಡ್ಡಪ್ಪ ಕೋವಿಯನ್ನು ಇಳಿಸಿ, ಕೇಪು ಹೊಡೆಯುವ ಭಾಗ್ಯವನ್ನು ನನಗೆ ದಯಪಾಲಿಸಿದರು. ಎದುರಿನ ಅಂಗಳದಲ್ಲಿ ದೊಡ್ಡಮ್ಮ ಅಡಕೆ ಹರಡುತ್ತಿದ್ದರು. ದೊಡ್ಡಪ್ಪ ಕೇಪಿನ ಡಬ್ಬಿಯನ್ನು ಹುಡುಕುತ್ತಿದ್ದಾಗ ನಾನು ಸುಮ್ಮನಿರಲಾರದೆ ಗಜವನ್ನು ನಳಿಗೆಯೊಳಗೆ ಬಿಟ್ಟೆ. ಖಾಲಿ ನಳಿಗೆಯ ತಳಕ್ಕೆ ಗಜ ಬಡಿದರೆ ‘ಠಣ್’ ಎನ್ನಬೇಕು. ಅಂದು ‘ದೊಪ್’ ಎಂದಿತು.

ದೊಡ್ಡಪ್ಪ ತಿರುಗಿ ನೋಡಿದರು. ಗಜದ ಮೇಲೆ ಒಂದು ಗೀಟು ಕೊರೆದಿತ್ತು; ಕೋವಿ ಖಾಲಿಯಿದ್ದರೆ ಆ ಗೀಟು ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲಬೇಕು. ಈಗ ನಾಲ್ಕು ಬೆರಳು ಮೇಲೆ ನಿಂತಿತ್ತು. ಮಳೆಗೆ ಮುಂಚೆ ಹಂದಿಯ ಕಾಟಕ್ಕೆಂದು ಈಡು ತುಂಬಿ, ಹೊಡೆಯದೆ, ಕೇಪನ್ನಷ್ಟೇ ತೆಗೆದು ತೂಗುಹಾಕಿದವರು ಅವರೇ. ನಲವತ್ತು ವರ್ಷ ಕೋವಿ ಹಿಡಿದ ಮನುಷ್ಯ! ಅವರು ನನ್ನನ್ನು ಗದರಿಸಲಿಲ್ಲ. ಕೋವಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ದೊಡ್ಡಮ್ಮನನ್ನು ಒಳಗೆ ಕರೆದರು. ಗಜದ ತುದಿಗೆ ತಿರುಪು ಸಿಕ್ಕಿಸಿ ಉಂಡೆಯನ್ನು ಎಳೆದು, ಚಿಲ್ಲನ್ನು ಸುರಿದು, ಗಟ್ಟಿಯಾಗಿದ್ದ ಮದ್ದನ್ನು ನೀರು ಹಾಕಿ ಕದಡಿ ಹೊರಹಾಕಿದರು. ಅಂದು ಮಧ್ಯಾಹ್ನ ಅವರು ಊಟಕ್ಕೆ ಕುಳಿತವರು ಅರ್ಧದಲ್ಲಿಯೇ ಎದ್ದರು.

ದೊಡ್ಡಪ್ಪ ಈಗಿಲ್ಲ. ಪರವಾನಗಿ ಅಣ್ಣನ ಹೆಸರಿಗೆ ಬಂದಿದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಡಬೇಕು. ಹಂದಿಗಳಿಗೆ ನೀತಿಸಂಹಿತೆಯಿಲ್ಲವೆಂದು ಅಣ್ಣ ಗೊಣಗುತ್ತಾನೆ. ತಿಂಗಳುಗಳ ಬಳಿಕ ಅದು ತುಕ್ಕಿನ ಪುಡಿಯೊಡನೆ ಮನೆಗೆ ಮರಳುತ್ತದೆ. ಅದನ್ನು ತಾನೇ ಖಾಲಿ ಮಾಡಿ ಕೊಟ್ಟಿದ್ದರೂ ಅಣ್ಣ ಜಗಲಿಗೆ ಬಂದವನೇ ಮೊದಲು ಗಜವನ್ನು ನಳಿಗೆಗೆ ಬಿಡುತ್ತಾನೆ. ‘ಠಣ್’ ಎಂದ ಮೇಲೆಯೇ ಅತ್ತಿಗೆ ನೀರು ಕಾಯಿಸಲು ಒಳಗೆ ಹೋಗುವುದು.